ಹಾಳೆ ತಟ್ಟೆಯ ಘಟಕದಲ್ಲಿ ಲೀನ್ ಮತ್ತು ಪರಿಸರ: ಎರಡನ್ನೂ ಒಂದೇ ಪುಸ್ತಕದಲ್ಲಿ ಅಳೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ತೋಟ ಇದ್ದಲ್ಲೆಲ್ಲ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗ, ಇದೆ. ಹಾಳೆ ಇದೆ ಅಂದಮೇಲೆ ಅಲ್ಲಲ್ಲಿ ತಟ್ಟೆ ಒತ್ತುವ ಸಣ್ಣ ಘಟಕಗಳೂ ಇವೆ. ನಮ್ಮದೂ ಅಂಥದ್ದೇ ಒಂದು. ಹಾಳೆಯನ್ನು ಬಿಸಿಯಲ್ಲಿ ಒತ್ತುವ ಐದು ಅಚ್ಚು, ಆರು ಜನ, ಹಿಂದೆ ಒಂದು ಬಾವಿ. ಹಾಳೆ ತಟ್ಟೆ ಅಂದ ಕೂಡಲೇ ಎಲ್ಲರೂ ಪರಿಸರಕ್ಕೆ ಒಳ್ಳೆಯದು ಅನ್ನುತ್ತಾರೆ. ಮರ ಕಡಿಯುವುದಿಲ್ಲ, ತಾನಾಗಿ ಬಿದ್ದ ಹಾಳೆ, ಉಂಡು ಬಿಸಾಡಿದರೆ ಮಣ್ಣಾಗುತ್ತದೆ. ಅದು ನಿಜ. ಆದರೆ ಆ ಒಂದು ತಟ್ಟೆಗೆ ಎಷ್ಟು ನೀರು ಹೋಯಿತು, ಎಷ್ಟು ಕರೆಂಟ್ ಹೋಯಿತು, ಹಾಳೆ ತರಲು ಎಷ್ಟು ಡೀಸೆಲ್ ಉರಿಯಿತು ಅಂತ ಯಾರಾದರೂ ಕೇಳಿದರೆ ತುಂಬಾ ಸಮಯ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಅಳೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ದುಡ್ಡು ಸೋರುವ ಜಾಗವೂ ನೀರು, ಕರೆಂಟ್ ಸೋರುವ ಜಾಗವೂ ಹೆಚ್ಚಾಗಿ ಒಂದೇ. ಯಾವಾಗಲೂ ಒಂದೇ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಲೀನ್ ಅಂದರೆ ಏನು ಅಂತ ಮೊದಲು ಚುಟುಕಾಗಿ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಅನ್ನುವ ಎಂಜಿನಿಯರ್ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಟ್ಟಿ ಬೆಳೆಸಿದ ಕೆಲಸದ ರೀತಿ ಇದು. ಗಿರಾಕಿಗೆ ಬೇಡದ ಯಾವ ಕೆಲಸವೂ ದಂಡ, ಅಂದರೆ ವ್ಯರ್ಥ, ಅನ್ನುವುದು ಅದರ ತಿರುಳು. ಆ ದಂಡಕ್ಕೆ ಜಪಾನಿಯಲ್ಲಿ 'ಮುಡಾ' ಅಂತ ಹೆಸರು. ಓನೊ ಏಳು ಬಗೆಯ ದಂಡ ಗುರುತಿಸಿದರು: ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದು, ಕಾಯುವುದು, ಸುಮ್ನೆ ಸಾಗಿಸುವುದು, ಬೇಡದ ಸಂಸ್ಕರಣೆ, ಜಾಸ್ತಿ ದಾಸ್ತಾನು, ಬೇಡದ ಓಡಾಟ, ಕೆಟ್ಟ ಮಾಲು. ಈ ಪಟ್ಟಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ಹೊಗೆಯಿಲ್ಲ. ಆದರೆ ಏಳರ ಒಳಗೂ ಅವು ಅಡಗಿ ಕೂತಿವೆ. ಒಂದು ತಟ್ಟೆ ಒಡೆದು ಹೋಯಿತು ಅಂದರೆ ಅದರ ಹಾಳೆ ಮಾತ್ರ ಹೋದದ್ದಲ್ಲ, ಅದನ್ನು ತೊಳೆದ ನೀರೂ, ಅಚ್ಚಿನ ಬಿಸಿಯೂ, ಅದು ಬಂದ ದಾರಿಯ ಡೀಸೆಲೂ ಹೋಯಿತು. ಅಲ್ವಾ?

ಮೊದಲು ಹಾಳೆಯ ಹಿಂದೆ ನಡೆಯಿರಿ

ಕಂಪ್ಯೂಟರ್ ಬೇಡ. ಒಂದು ಪುಸ್ತಕ, ಪೆನ್ನು, ಕೈಯಲ್ಲಿ ಗಡಿಯಾರ ಸಾಕು. ಬೆಳಿಗ್ಗೆ ಒಂದು ಕಟ್ಟು ಹಾಳೆ ಆರಿಸಿ, ಅದಕ್ಕೆ ಬಣ್ಣದ ದಾರ ಕಟ್ಟಿ. ಅದು ಶೆಡ್ಡಿನಿಂದ ಹೊರಟು ಪೆಟ್ಟಿಗೆಗೆ ಸೇರುವ ತನಕ ಜತೆಗೇ ಇರಿ. ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾರು ಎತ್ತಿ ಎಲ್ಲಿಗೆ ಇಟ್ಟರು, ಎಲ್ಲಿ ನೀರು ಬಿತ್ತು, ಎಲ್ಲಿ ಬಿಸಿ ತಾಗಿತು, ಎಲ್ಲಿ ತುಂಡು ಬಿತ್ತು, ಎಲ್ಲವನ್ನೂ ಬರೆಯಿರಿ. ಲೀನ್ ಮಾಡುವವರು ಹೆಚ್ಚಾಗಿ ಸಮಯದ ಲೆಕ್ಕ ಬರೆಯುತ್ತಾರೆ. ನೀವು ಪ್ರತಿ ಹೆಜ್ಜೆಯ ಪಕ್ಕದಲ್ಲಿ ನೀರು, ಕರೆಂಟ್, ಕಸ ಅಂತ ಮೂರು ಅಂಕಣ ಜಾಸ್ತಿ ಹಾಕಿ. ಈ ಮೂರು ಅಂಕಣದಿಂದಲೇ ಕೆಲಸ ಬೇರೆಯಾಗುವುದು.

ನಮ್ಮ ಜಾಲಿನಲ್ಲಿ (ಅಂಗಳದಲ್ಲಿ) ಹೀಗೆ ನಡೆದಾಗ ಕಂಡದ್ದು: ನೆನೆಸಿದ ಹಾಳೆಯನ್ನು ಒಂದರ ಮೇಲೊಂದು ಅಡ್ಡ ರಾಶಿ ಹಾಕುತ್ತಿದ್ದೆವು. ಮೇಲಿನ ಹಾಳೆಯ ನೀರು ಕೆಳಗಿನದಕ್ಕೆ ಇಳಿದು, ತಳದ ಹಾಳೆಗಳು ತೊಟ್ಟಿಕ್ಕುತ್ತಾ ಹಾಗೆಯೇ ಅಚ್ಚಿಗೆ ಹೋಗುತ್ತಿದ್ದವು. ಇದನ್ನು ಮೊದಲು ಹೇಳಿದ್ದು ನಾನಲ್ಲ, ಅಚ್ಚಿನ ಮುಂದೆ ಕೂರುವ ಅಕ್ಕ. "ನೀರು ಇಳಿದ ಹಾಳೆ ಬೇಗ ಆಗ್ತದೆ ಅಣ್ಣ, ಒದ್ದೆಯದ್ದು ಅಚ್ಚಿನೊಳಗೆ ಚುಯ್ಯ್ ಅಂತಲೇ ಇರ್ತದೆ" ಅಂದರು. ಆ ಚುಯ್ಯ್ ಅನ್ನುವ ಸದ್ದೇ ಕರೆಂಟ್ ಬಿಲ್ಲು.

ಲೆಕ್ಕ ನೋಡಿ. ಒಂದು ಲೀಟರ್ ನೀರನ್ನು ಬಿಸಿ ಮಾಡಿ ಪೂರ್ತಿ ಆವಿ ಮಾಡಲು ಸುಮಾರು 0.7 ಯೂನಿಟ್ ಕರೆಂಟ್ ಬೇಕು. ನೀರಿನ ಗುಣವೇ ಹಾಗೆ, ಎಷ್ಟು ದುಬಾರಿ ಮೆಷಿನ್ ತಂದರೂ ಹೀಟರಿನ ಬಿಸಿಯಲ್ಲಿ ಇದಕ್ಕಿಂತ ಕಡಿಮೆಗೆ ಆಗದು. ಪ್ರತಿ ಹಾಳೆಯಲ್ಲಿ ಬೇಡದ ನೀರು 20 ಗ್ರಾಂ ಇದೆ ಅಂತ ಹಿಡಿಯೋಣ. ಸಾವಿರ ತಟ್ಟೆಗೆ 20 ಲೀಟರ್, ಅಂದರೆ 14 ಯೂನಿಟ್. ಸ್ವಲ್ಪ ನೀರು ಒತ್ತಡಕ್ಕೆ ಹಿಂಡಿ ಹೊರಗೆ ಬರುತ್ತದೆ, ಹಾಗಾಗಿ ಪೂರ್ತಿ 14 ಬೇಡ, 10 ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 20,000 ತಟ್ಟೆ ಮಾಡುವವರಿಗೆ ಅದು 200 ಯೂನಿಟ್. ಬಿಸಿಲು, ಗಾಳಿ ಸುಮ್ನೆ ಮಾಡಿಕೊಡುವ ಕೆಲಸಕ್ಕೆ ನಾವು ಹೀಟರ್ ಉರಿಸುತ್ತಿದ್ದೆವು.

ನಿಮ್ಮಲ್ಲಿ ಎಷ್ಟು ಅಂತ ನೋಡಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಚ್ಚಿಗೆ ಹೋಗುವ ಮುಂಚೆ ಹತ್ತು ಹಾಳೆ ತೂಗಿ. ಒತ್ತಿದ ಮೇಲೆ ಆ ಹತ್ತು ತಟ್ಟೆಯನ್ನೂ ಕತ್ತರಿಸಿ ಬಿದ್ದ ತುಂಡುಗಳನ್ನೂ ಒಟ್ಟಿಗೆ ತೂಗಿ. ತುಂಡು ಬಿಟ್ಟರೆ ಲೆಕ್ಕ ತಪ್ಪುತ್ತದೆ, ನೆನಪಿರಲಿ. ಎರಡರ ವ್ಯತ್ಯಾಸವೇ ಹೋದ ನೀರು. ಇನ್ನು ಹತ್ತು ಹಾಳೆಯನ್ನು ಬಿದಿರಿನ ಅಡ್ಡೆಗೆ ಒರಗಿಸಿ, ತೊಟ್ಟು ಮೇಲೆ ಮಾಡಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹಾಗೆಯೇ ಒತ್ತುವ ಮುಂಚೆಯೂ ಒತ್ತಿದ ಮೇಲೂ ತೂಗಿ. ಇನ್ನು ಹತ್ತನ್ನು ಒಂದು ಗಂಟೆ. ಒಂದು ಹಂತ ದಾಟಿದರೆ ಹಾಳೆ ಬಿರಿಯುತ್ತದೆ, ಅಂಚು ಸೀಳುತ್ತದೆ. ಒಡೆದ ತಟ್ಟೆ ಜಾಸ್ತಿಯಾದರೆ ಉಳಿಸಿದ ಕರೆಂಟ್ ಅಲ್ಲಿಗೆ ಹೋಯಿತು. ಹಾಗಾಗಿ ಬಿರಿಯುವ ಹಂತಕ್ಕಿಂತ ಸ್ವಲ್ಪ ಮೊದಲು ನಿಲ್ಲಿಸಿ. ಆ ಸಮಯ ಮಾರ್ಚಿನಲ್ಲಿ ಬೇರೆ, ನವೆಂಬರಿನಲ್ಲಿ ಬೇರೆ. ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದಿಡಿ.

ಮೀಟರಿನ ಕೆಂಪು ದೀಪ

ಕರೆಂಟ್ ಅಳೆಯಲು ಬಿಲ್ಲು ಬರುವ ತನಕ ಕಾಯಬೇಡಿ. ಬಿಲ್ಲಿನಲ್ಲಿ ಎಲ್ಲ ಸೇರಿಕೊಂಡಿರುತ್ತದೆ, ಯಾವುದು ತಿಂದಿತು ಅಂತ ಗೊತ್ತಾಗದು. ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತಾರೆ, 3200, 1600, 800 ಹೀಗೆ. ನಿಮ್ಮದು 1600 ಅಂತ ಇಟ್ಟುಕೊಳ್ಳಿ. ಮೋಟಾರ್, ಫ್ಯಾನ್, ದೀಪ ಎಲ್ಲ ಆರಿಸಿ ಬರೀ ಅಚ್ಚಿನ ಹೀಟರ್ ಬಿಟ್ಟು ಐದು ನಿಮಿಷ ಎಣಿಸಿ. 400 ಸಲ ಮಿನುಗಿದರೆ ನಿಮಿಷಕ್ಕೆ 80, ಗಂಟೆಗೆ 4800, ಅಂದರೆ ಗಂಟೆಗೆ 3 ಯೂನಿಟ್. ಹೀಟರಿಗೆ ಥರ್ಮೋಸ್ಟಾಟ್ ಇದ್ದರೆ ಹತ್ತಿ ಆರಿ ಮಾಡುತ್ತದೆ, ಆಗ ಇನ್ನೂ ಜಾಸ್ತಿ ಹೊತ್ತು ಎಣಿಸಬೇಕು. ಇಲ್ಲವಾದರೆ ಊಟಕ್ಕೆ ಏಳುವಾಗ ಮೀಟರ್ ಓದಿ ಬರೆದು, ಊಟ ಆಗಿ ಬಂದು ಮತ್ತೆ ಓದಿ. ಒಂದು ತಟ್ಟೆಯನ್ನೂ ಮಾಡದೆ ಹೋದ ಕರೆಂಟ್ ಅದು. ಓನೊ ಪಟ್ಟಿಯ 'ಕಾಯುವುದು' ಅನ್ನುವುದಕ್ಕೆ ಹೀಗೂ ಒಂದು ಮುಖ ಇದೆ: ಜನ ಕಾಯುವಾಗ ಅಚ್ಚು ಉರಿಯುತ್ತಾ ಕಾಯುತ್ತದೆ.

ನಾವು ಮಾಡಿದ್ದು ಸುಲಭದ ಕೆಲಸ. ಊಟಕ್ಕೆ ಹತ್ತು ನಿಮಿಷ ಇರುವಾಗ ಹೀಟರ್ ಆರಿಸುತ್ತೇವೆ. ಅಚ್ಚಿನಲ್ಲಿ ಉಳಿದ ಬಿಸಿಯಲ್ಲೇ ಕೊನೆಯ ತಟ್ಟೆಗಳು ಆಗುತ್ತವೆ. ಮೊದಲು ಊಟ ಮುಗಿಸಿದವರು ಬಂದು ಹಾಕುತ್ತಾರೆ. ಚಹಾಕ್ಕೆ ಮಾತ್ರ ಆರಿಸುವುದಿಲ್ಲ, ಹದಿನೈದು ನಿಮಿಷಕ್ಕೆ ಆರಿಸಿ ಹಾಕಿದರೆ ಬಿಸಿಯಾಗುವ ತನಕ ಆರು ಜನ ಕೈ ಕಟ್ಟಿ ನಿಲ್ಲಬೇಕು. ನಿಮ್ಮ ಅಚ್ಚಿಗೆ ಎಷ್ಟು ಹೊತ್ತು ಬೇಕು ಅಂತ ಒಂದು ಸಲ ಗಡಿಯಾರ ಹಿಡಿದು ನೋಡಿ, ಅದರ ಮೇಲೆ ತೀರ್ಮಾನ ಮಾಡಿ.

ಅಚ್ಚು ಬದಲಿಸುವುದರಲ್ಲೂ ಇದೇ ಕಥೆ. 12 ಇಂಚಿನ ತಟ್ಟೆಯಿಂದ ದೊನ್ನೆಗೆ ಹೋಗುವಾಗ ಸ್ಪ್ಯಾನರ್ ಎಲ್ಲಿ, ಬೋಲ್ಟ್ ಎಲ್ಲಿ ಅಂತ ಹುಡುಕುವ ಹೊತ್ತು ಪೂರ್ತಿ ದಂಡ. ಬೇಕಾದ ಸ್ಪ್ಯಾನರನ್ನು ಆ ಮೆಷಿನ್ನಿನ ಕಾಲಿಗೇ ದಾರ ಕಟ್ಟಿ ನೇತು ಹಾಕಿ.

ನೀರು ಎಲ್ಲಿಗೆ ಹೋಗುತ್ತದೆ

ಕಾಸರಗೋಡಿನವರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಜಡಿಮಳೆ, ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತಂದ ಊರು ನಮ್ಮದು. ಬಾಯಾರು, ಎಣ್ಮಕಜೆ ಕಡೆ ಇನ್ನೂ ಸುರಂಗದ ನೀರು ಕುಡಿಯುವ ಮನೆಗಳಿವೆ. ಗುಡ್ಡದ ಮೇಲೆ ಏನು ಬಿತ್ತೋ ಅದು ಕೆಳಗೆ ಬರುತ್ತದೆ ಅನ್ನುವುದನ್ನು ನಾವು ತುಂಬಾ ಕಷ್ಟಪಟ್ಟು ಕಲಿತವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ನೇ ಇಸವಿಯ ತನಕ ನಡೆಯಿತು, ಅದರ ನೋವು ಇವತ್ತಿಗೂ ಮನೆಗಳಲ್ಲಿ ಇದೆ. ಹಾಗಾಗಿ ಹಾಳೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಬರೀ ಕಾಗದದ ಪ್ರಶ್ನೆ ಅಲ್ಲ.

ಮೊದಲು ಎಷ್ಟು ನೀರು ಅಂತ ತಿಳಿಯಿರಿ. 20 ಲೀಟರಿನ ಬಕೆಟ್ ಪೈಪಿನ ಕೆಳಗೆ ಇಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 40 ಸೆಕೆಂಡ್ ಬೇಕಾದರೆ ನಿಮಿಷಕ್ಕೆ 30 ಲೀಟರ್. ದಿನಕ್ಕೆ ಎಷ್ಟು ನಿಮಿಷ ಪೈಪು ಹರಿಯಿತು ಅಂತ ಬರೆದರೆ ಲೆಕ್ಕ ಸಿಕ್ಕಿತು. ಪೈಪು ಬಿಟ್ಟು ಹಾಳೆ ತೊಳೆಯುವವರಿಗೆ ಈ ಸಂಖ್ಯೆ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಬದಲಿಗೆ ಮೂರು ತೊಟ್ಟಿ ಇಡಿ. ಮೊದಲನೆಯದರಲ್ಲಿ ಮಣ್ಣು ಉಜ್ಜಿ ತೆಗೆಯುವುದು, ಎರಡನೆಯದರಲ್ಲಿ ಅದ್ದುವುದು, ಮೂರನೆಯದರಲ್ಲಿ ಕೊನೆಯ ತೊಳೆತ. ಹೊಸ ನೀರು ಮೂರನೆಯದಕ್ಕೆ ಮಾತ್ರ. ಅದು ಮಾಸಿದಾಗ ಎರಡನೆಯದಕ್ಕೆ, ಎರಡನೆಯದ್ದು ಮೊದಲನೆಯದಕ್ಕೆ. ಹಾಳೆ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ. ತೊಟ್ಟಿಗೆ ಹಾಕುವ ಮೊದಲು ಒಣ ಬ್ರಷ್‌ನಿಂದ ಒಮ್ಮೆ ಉಜ್ಜಿದರೆ ಅರ್ಧ ಮಣ್ಣು ಅಲ್ಲೇ ಉದುರುತ್ತದೆ. ಮೊದಲ ತೊಟ್ಟಿಯ ಕಂದು ನೀರನ್ನು ತೋಡಿಗೆ ಬಿಡಬೇಡಿ. ಒಂದು ಗುಂಡಿಯಲ್ಲಿ ನಿಲ್ಲಿಸಿ, ಕೆಸರು ಕೂತ ಮೇಲೆ ತೆಂಗಿನ ಬುಡಕ್ಕೆ ಬಿಡಿ.

ಇಲ್ಲಿ ಒಂದು ಮಾತು ಹಾಳೆ ಕೊಡುವ ತೋಟದವರ ಜತೆಗೂ ಆಡಬೇಕು. ಮಹಾಳಿಗೆ, ಅಂದರೆ ಕೊಳೆರೋಗಕ್ಕೆ ಅಂತ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಆ ಬೋರ್ಡೋದ ನೀಲಿ ಕಲೆ ಹಾಳೆಯ ಮೇಲೂ ಕೂರುತ್ತದೆ. ಅದು ತಾಮ್ರ. ಅಂಥ ಹಾಳೆ ಊಟದ ತಟ್ಟೆಗೆ ಬೇಡ, ಅದನ್ನು ತೊಳೆದ ನೀರು ತೋಟಕ್ಕೂ ಬೇಡ. ನೀಲಿ ಕಲೆಯ ಹಾಳೆ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿ, ಒಳ್ಳೆಯ ಹಾಳೆಗೆ ನಾಲ್ಕು ಕಾಸು ಜಾಸ್ತಿ ಕೊಡಿ. ತೊಳೆಯುವ ಕೆಲಸ, ನೀರು, ಕೆಟ್ಟ ಮಾಲು ಮೂರೂ ಗೇಟಿನ ಹೊರಗೇ ಉಳಿಯುತ್ತವೆ.

ಪುಸ್ತಕದ ಲೀನ್ ನಮ್ಮಲ್ಲಿ ಹೊಂದದ ಕಡೆ

ಲೀನ್ ಕಲಿಸುವವರು ದಾಸ್ತಾನು ಪಾಪ ಅನ್ನುತ್ತಾರೆ, ಬೇಕಾದಾಗ ಬೇಕಾದಷ್ಟೇ ತರಿಸಿ ಅನ್ನುತ್ತಾರೆ. ನಮ್ಮಲ್ಲಿ ಅದು ಹಾಗೇ ನಡೆಯದು. ಜೂನ್ ಬಂದರೆ ಬಿದ್ದ ಹಾಳೆ ಒಣಗದು, ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲೇ ಕೂಡಿ ಇಡಬೇಕು. ಇದು ದಂಡ ಅಲ್ಲ, ಋತುವಿನ ಕ್ರಮ. ಹಸಿ ಹಾಳೆಯನ್ನು ಹೀಟರಿನಲ್ಲಿ ಒಣಗಿಸಿ ದಾಸ್ತಾನು ಕಡಿಮೆ ಮಾಡಿದೆ ಅಂತ ಹೇಳಿಕೊಂಡರೆ ಗಾಳಿಗೆ ಹೊಗೆ ಸೇರಿತು ಅಷ್ಟೆ. ಮಾಡಬೇಕಾದ್ದು ಇಟ್ಟ ಹಾಳೆ ಕೆಡದ ಹಾಗೆ ನೋಡುವುದು: ನೆಲದಿಂದ ಒಂದಡಿ ಎತ್ತರ, ಗೋಡೆಗೆ ತಾಗದೆ, ತಿಂಗಳಿಗೊಂದು ಬಣ್ಣದ ಹಗ್ಗ. ಜನವರಿಯ ಕೆಂಪು ಹಗ್ಗ ಮುಗಿಯದೆ ಫೆಬ್ರವರಿಯ ಹಳದಿ ಬಿಚ್ಚಬಾರದು.

ಸಾಗಾಟವೂ ಹಾಗೆಯೇ. ಸ್ವಲ್ಪ ಸ್ವಲ್ಪವೇ, ದಿನ ದಿನ ತರಿಸಿದರೆ ಶೆಡ್ಡು ಚೊಕ್ಕ ಇರುತ್ತದೆ, ಆದರೆ ಪಿಕಪ್ ಅರ್ಧ ಖಾಲಿ ಓಡುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಹಾಲಿನ ಗಾಡಿ ಸೊಸೈಟಿ ಸೊಸೈಟಿಯ ಮುಂದೆ ನಿಂತು ಒಂದೇ ಸುತ್ತಿನಲ್ಲಿ ಕ್ಯಾನ್ ಎತ್ತುವ ಹಾಗೆ, ವಾರಕ್ಕೆ ಎರಡು ದಿನ ನೀರ್ಚಾಲಿನಿಂದ ಹೊರಟು ಪೆರ್ಲ ಸುತ್ತಿ ಬರುವ ಒಂದು ದಾರಿ ಮಾಡಿಕೊಳ್ಳಿ. ಹಾಳೆ ಹಗುರ, ಆದರೆ ಜಾಗ ತಿನ್ನುತ್ತದೆ. ಒಂದರೊಳಗೊಂದು ಕೂರಿಸಿ ಬಿಗಿಯಾಗಿ ಕಟ್ಟಿದರೆ ಅದೇ ಗಾಡಿಗೆ ಎಷ್ಟೋ ಜಾಸ್ತಿ ಹಿಡಿಯುತ್ತದೆ. ತೋಟದವರಿಗೇ ಕಟ್ಟುವ ಕ್ರಮ ತೋರಿಸಿಕೊಡಿ.

ಜಾಸ್ತಿ ಮಾಡಿ ಇಡುವುದು ಮಾತ್ರ ಎರಡೂ ಲೆಕ್ಕದಲ್ಲಿ ನಷ್ಟ. ಕೇರಳದಲ್ಲಿ 2020ರ ಜನವರಿಯಲ್ಲಿ, ದೇಶದಲ್ಲಿ 2022ರ ಜುಲೈಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದಾಗ ಇನ್ನು ತಟ್ಟೆಗೆ ಬೇಡಿಕೆ ತಪ್ಪದು ಅಂತ ಅನ್ನಿಸಿತ್ತು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಆಮದು ತಡೆಯುವ ಎಚ್ಚರಿಕೆ ಹೊರಡಿಸಿತು. ಹಾಳೆಯಲ್ಲಿರುವ ಆಲ್ಕಲಾಯ್ಡ್ (ಗಿಡದಲ್ಲೇ ಇರುವ ಒಂದು ಬಗೆಯ ರಾಸಾಯನಿಕ) ಊಟಕ್ಕೆ ಇಳಿಯಬಹುದು ಅನ್ನುವುದು ಅದರ ಆತಂಕ. ಪೆಟ್ಟಿಗೆಯಲ್ಲಿ ಕೂತ ತಟ್ಟೆಗೆ ಬೂಷ್ಟು ಬಂದರೆ ಅಷ್ಟೂ ನೀರು, ಕರೆಂಟ್ ಮಣ್ಣುಪಾಲು. ಆರ್ಡರ್ ಇದ್ದಷ್ಟು, ಅದರ ಮೇಲೆ ಒಂದು ಮದುವೆ ಊಟಕ್ಕೆ ಆಗುವಷ್ಟು ಇಟ್ಟುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೊನೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿ ಮಾಡಿ ಬಿಗಿಮಾಡುವವರಿದ್ದಾರೆ. ಮಣ್ಣಾಗುವ ತಟ್ಟೆಗೆ ಮಣ್ಣಾಗದ ಅಂಗಿ ಯಾಕೆ? ಕಾಗದದ ಪಟ್ಟಿ ಸಾಕು.

ಐದು ಬುಟ್ಟಿ

ಕೆಟ್ಟ ತಟ್ಟೆಯನ್ನು ಒಂದೇ ರಾಶಿಗೆ ಎಸೆಯಬೇಡಿ. ಐದು ಬುಟ್ಟಿ ಇಡಿ: ತೂತು, ಬೂಷ್ಟಿನ ಕಲೆ, ಬಿರಿದದ್ದು, ಕರಟಿದ್ದು, ಆಕಾರ ತಪ್ಪಿದ್ದು. ಎರಡು ವಾರ ಎಣಿಸಿ. ಯಾವ ಬುಟ್ಟಿ ತುಂಬುತ್ತದೋ ಕಾರಣ ಅಲ್ಲಿದೆ. ಬೂಷ್ಟು ಜಾಸ್ತಿ ಅಂದರೆ ಶೆಡ್ಡು, ಬಿರಿದದ್ದು ಜಾಸ್ತಿ ಅಂದರೆ ನೆನೆಸುವ ಹೊತ್ತು, ಕರಟಿದ್ದು ಅಂದರೆ ಥರ್ಮೋಸ್ಟಾಟ್, ತೂತು ಅಂದರೆ ಹಾಳೆ ಆರಿಸುವ ಕೈ. ಬುಟ್ಟಿಯ ಮೇಲೆ ಯಾರ ಹೆಸರನ್ನೂ ಬರೆಯಬೇಡಿ. ಬೈಗುಳ ಬೀಳುತ್ತದೆ ಅಂತ ಗೊತ್ತಾದರೆ ಕೆಟ್ಟ ತಟ್ಟೆ ಬುಟ್ಟಿಗೆ ಬರದೆ ಒಳ್ಳೆಯದರ ನಡುವೆ ಸೇರಿ ಹೋಗುತ್ತದೆ.

ಕತ್ತರಿಸಿದ ತುಂಡು ಕಸ ಅಲ್ಲ. ಒಂದು 12 ಇಂಚಿನ ತಟ್ಟೆ ತೆಗೆದ ಮೇಲೆ ಉಳಿದ ಕಡೆ ಒಂದು ಸಣ್ಣ ದೊನ್ನೆ ಬರುತ್ತದಾ ಅಂತ ಮೊದಲು ನೋಡಿ. ಉಳಿದದ್ದು ಹಟ್ಟಿಗೆ, ಹಾಳೆ ತಿನ್ನುವುದು ನಮ್ಮ ದನಗಳಿಗೆ ಹೊಸದಲ್ಲ. ಅಡಿಕೆ ಹಾಳೆಯಲ್ಲಿ ಚಿಪ್ಪು ಅಣಬೆ ಬೆಳೆಯಬಹುದು, ಎರೆಗೊಬ್ಬರ ಮಾಡಬಹುದು. ಈ ವಿಷಯಕ್ಕೆ ಕಾಸರಗೋಡಿನಲ್ಲೇ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ ಇದೆ, ಹೋಗಿ ಕೇಳಿ. ಆದರೆ ತುಂಡು ಗೊಬ್ಬರವಾಯಿತು ಅಂತ ಸಮಾಧಾನ ಪಟ್ಟು ತೂಗುವುದನ್ನು ಬಿಡಬೇಡಿ. ತಟ್ಟೆಯಾಗಬೇಕಿದ್ದ ಹಾಳೆ ಗೊಬ್ಬರವಾದರೆ ಅದೂ ನಷ್ಟವೇ.

ಲೆಕ್ಕದ ಪುಟ

ಪ್ರತಿ ತಿಂಗಳಿಗೆ ಒಂದು ಪುಟ, ಆರೇ ಸಂಖ್ಯೆ: ಒಳ್ಳೆಯ ತಟ್ಟೆ ಎಷ್ಟು, ಕರೆಂಟ್ ಎಷ್ಟು ಯೂನಿಟ್, ನೀರು ಎಷ್ಟು ಲೀಟರ್, ಡೀಸೆಲ್ ಎಷ್ಟು ಲೀಟರ್, ಒಳಗೆ ಬಂದ ಹಾಳೆ ಎಷ್ಟು ಕೆಜಿ, ತುಂಡು ಮತ್ತು ಕೆಟ್ಟದ್ದು ಎಷ್ಟು ಕೆಜಿ. ಉಳಿದ ಐದನ್ನೂ ಮೊದಲನೆಯದರಿಂದ ಭಾಗಿಸಿ ಸಾವಿರ ಒಳ್ಳೆಯ ತಟ್ಟೆಗೆ ಎಷ್ಟು ಅಂತ ತೆಗೆಯಿರಿ. ಒಳ್ಳೆಯ ತಟ್ಟೆ ಅನ್ನುವ ಮಾತು ಮುಖ್ಯ. ಒತ್ತಿದ್ದೆಲ್ಲ ಲೆಕ್ಕಕ್ಕೆ ಹಿಡಿದರೆ ಒಡೆದ ತಟ್ಟೆಯೂ ಸಾಧನೆಯಾಗಿ ಕಾಣುತ್ತದೆ. ತಿಂಗಳ ಒಟ್ಟು ಬಿಲ್ಲು ಇಳಿಯಿತು ಅಂತ ಹಿಗ್ಗಬೇಡಿ, ಆರ್ಡರ್ ಇಲ್ಲದೆ ಮೆಷಿನ್ ನಿಂತರೂ ಬಿಲ್ಲು ಇಳಿಯುತ್ತದೆ.

ಉದಾಹರಣೆಗೆ 20,000 ಒಳ್ಳೆಯ ತಟ್ಟೆ, 600 ಯೂನಿಟ್, 25 ಲೀಟರ್ ಡೀಸೆಲ್ ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ 30 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಲೆಕ್ಕ. 600 ಯೂನಿಟ್‌ಗೆ 420 ಕೆಜಿ, ಡೀಸೆಲ್‌ಗೆ ಸುಮಾರು 67 ಕೆಜಿ. ಒಟ್ಟು 487, ಸಾವಿರ ತಟ್ಟೆಗೆ 24 ಕೆಜಿಗಿಂತ ಸ್ವಲ್ಪ ಜಾಸ್ತಿ. ಬಾಡಿಗೆ ಗಾಡಿಯ ಡೀಸೆಲನ್ನೂ ಸೇರಿಸಿ. ನಮ್ಮ ಗಾಡಿ ಬಿಟ್ಟು ಬಾಡಿಗೆಗೆ ಕೊಟ್ಟ ಕೂಡಲೇ ಹೊಗೆ ಮಾಯವಾಗುವುದಿಲ್ಲ.

ಹೋಲಿಸುವಾಗ ಜಾಗ್ರತೆ. ಮಾರ್ಚಿನ ಪುಟವನ್ನು ಜುಲೈಯ ಜತೆ ಇಟ್ಟು ನೋಡಬಾರದು, ಮಾರ್ಚಿಗೆ ಮಾರ್ಚೇ ಜೋಡಿ. ಹಾಗಂತ ಒಂದು ವರ್ಷ ಕಾಯಬೇಕಾಗಿಲ್ಲ. ಒಂದು ಬದಲಾವಣೆಗೆ ಮುಂಚೆ ಎರಡು ವಾರ, ನಂತರ ಎರಡು ವಾರ, ಒಂದೇ ಹವೆಯಲ್ಲಿ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ತೊಟ್ಟಿ, ಅಡ್ಡೆ, ಥರ್ಮೋಸ್ಟಾಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗದು.

ಸೋಲಾರ್ ಹಾಕಿಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿಸಿ, ಆದರೆ ಇದೆಲ್ಲ ಆದ ಮೇಲೆ. ಸಾವಿರಕ್ಕೆ 30 ಯೂನಿಟ್ ಇರುವಾಗ ಹಾಕಿದರೆ ಒದ್ದೆ ಹಾಳೆಯ ನೀರು ಆವಿ ಮಾಡಲೂ ಸೇರಿಸಿ ಪ್ಯಾನೆಲ್ ಕೊಂಡ ಹಾಗೆ. 20ಕ್ಕೆ ಇಳಿಸಿ ಮತ್ತೆ ಎಷ್ಟು ಬೇಕು ಅಂತ ಕೇಳಿದರೆ ಮೂರರಲ್ಲಿ ಎರಡು ಭಾಗದ ಪ್ಯಾನೆಲ್ ಸಾಕಾಗುತ್ತದೆ.

ಸರಕಾರದ ಕಡೆಯಿಂದ ಎರಡು ಯೋಜನೆ ಈ ಕೆಲಸಕ್ಕೇ ಇವೆ. ಸಣ್ಣ ಉದ್ದಿಮೆಗಳನ್ನು ನೋಡಿಕೊಳ್ಳುವ ಎಂಎಸ್‌ಎಂಇ ಸಚಿವಾಲಯದ ಲೀನ್ ಯೋಜನೆ 2023ರ ಮಾರ್ಚಿನಲ್ಲಿ ಹೊಸ ರೂಪದಲ್ಲಿ ಬಂತು, ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ. ಇನ್ನೊಂದು ಝೆಡ್, ದೋಷವೂ ಬೇಡ, ಪರಿಸರಕ್ಕೆ ಕೆಡುಕೂ ಬೇಡ ಅನ್ನುವ ಪ್ರಮಾಣಪತ್ರ, ಕಂಚು, ಬೆಳ್ಳಿ, ಚಿನ್ನ ಅಂತ. ಎರಡಕ್ಕೂ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರಕಾರಿ ನೋಂದಣಿ) ಬೇಕು. ಅರ್ಜಿ ಹಾಕುವ ಮೊದಲು ಆ ಆರು ಸಂಖ್ಯೆಯ ಪುಟ ಎರಡು ಮೂರು ತಿಂಗಳದ್ದಾದರೂ ಕೈಯಲ್ಲಿರಲಿ. ನೋಡಲು ಬಂದವರು ನೀರು ಎಷ್ಟು, ಕರೆಂಟ್ ಎಷ್ಟು ಅಂತಲೇ ಕೇಳುವುದು. ಆಗ ಪುಸ್ತಕ ತೆಗೆದು ಮುಂದೆ ಇಡಿ. ಜತೆಗೆ ಅಚ್ಚಿನ ಮುಂದೆ ಕೂರುವವರನ್ನೂ ಕರೆಯಿರಿ, ಆ ಸಂಖ್ಯೆ ಹೇಗೆ ಇಳಿಯಿತು ಅಂತ ಅವರಿಗೇ ಚೆನ್ನಾಗಿ ಗೊತ್ತು.